ಡೆಮೊ ಸಾಕ್ಷಿಯಾಗಿ ಉಳಿಯದ ಕಾಲದಲ್ಲಿ ಸಂಸ್ಥಾಪಕರನ್ನು ಅಳೆಯುವುದು ಹೇಗೆ?

ಚರ್ಚೆ ಆರಂಭಿಸಿದವರು (ಹೂಡಿಕೆ ಸಂಸ್ಥೆಯೊಂದರ ವಿಶ್ಲೇಷಕ)

ಆರಂಭಿಕ ಹಂತದ ಸ್ಟಾರ್ಟ್‌ಅಪ್‌ಗಳ ಅರ್ಜಿಗಳನ್ನು ಓದಿ, ಸಂಸ್ಥಾಪಕರನ್ನು ಭೇಟಿಯಾಗಿ, ಯಾರಿಗೆ ಹಣ ಕೊಡಬಹುದೆಂದು ನಮ್ಮ ಪಾಲುದಾರರಿಗೆ ಟಿಪ್ಪಣಿ ಬರೆದುಕೊಡುವುದು ಕಳೆದ ಆರು ವರ್ಷಗಳಿಂದ ನನ್ನ ಕೆಲಸ. ಈ ಕೆಲಸದಲ್ಲಿ ನಾನು ನೆಚ್ಚಿಕೊಂಡಿದ್ದ ಒಂದು ಒರೆಗಲ್ಲು ಸವೆದುಹೋಗಿದೆ ಎಂಬ ಆತಂಕದಿಂದ ಇದನ್ನು ಬರೆಯುತ್ತಿದ್ದೇನೆ.

ಹಿಂದೆ ಸಂಸ್ಥಾಪಕರೊಬ್ಬರು ಕೆಲಸ ಮಾಡುವ ಡೆಮೊ (ಉತ್ಪನ್ನದ ಮಾದರಿ ಪ್ರದರ್ಶನ) ಒಂದನ್ನು ತಂದು ತೋರಿಸಿದರೆ, ಪರದೆಯ ಮೇಲೆ ಕಾಣುವುದಕ್ಕಿಂತ ಹೆಚ್ಚಿನದು ನಮಗೆ ತಿಳಿಯುತ್ತಿತ್ತು. ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿಯುವಂತೆ ಒಂದಿಬ್ಬರು ಒಳ್ಳೆಯ ಎಂಜಿನಿಯರುಗಳನ್ನು ಒಪ್ಪಿಸುವ ಶಕ್ತಿ ಇವರಿಗಿದೆ, ಹಿಡಿದ ಕೆಲಸವನ್ನು ಅರ್ಧಕ್ಕೆ ಕೈಬಿಡದ ಹಟವಿದೆ, ಯಾವುದನ್ನು ಮೊದಲು ಕಟ್ಟಬೇಕು ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬ ಲೆಕ್ಕಾಚಾರವಿದೆ ಎಂದು ನಾವು ಊಹಿಸಬಹುದಾಗಿತ್ತು. ಡೆಮೊಗೆ ಬೆಲೆ ಬಂದದ್ದೇ ಅದನ್ನು ಕಟ್ಟುವುದು ಕಷ್ಟವಾಗಿದ್ದ ಕಾರಣಕ್ಕೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಉದ್ಯೋಗ ಮಾರುಕಟ್ಟೆಯ ಕುರಿತು 1973ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೂ ಇದೇ ಆಗಿತ್ತು: ಸಮರ್ಥರಿಗೆ ಸುಲಭವಾಗಿಯೂ ಅಸಮರ್ಥರಿಗೆ ದುಬಾರಿಯಾಗಿಯೂ ಇರುವ ಸಂಕೇತ ಮಾತ್ರ ಇಬ್ಬರನ್ನೂ ಬೇರೆಬೇರೆಯಾಗಿ ತೋರಿಸಬಲ್ಲದು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮೊದಲು ಪಿಚ್ ಡೆಕ್‌ಗಳ (ಹೂಡಿಕೆದಾರರಿಗೆ ಕಂಪನಿಯನ್ನು ಪರಿಚಯಿಸುವ ಸ್ಲೈಡುಗಳ) ಭಾಷೆ ಒಂದೇ ಸಮ ನುಣುಪಾಯಿತು. ಆಮೇಲೆ ಡೆಮೊಗಳೂ ಅದೇ ದಾರಿ ಹಿಡಿದವು. ತನ್ನ 2025ರ ಚಳಿಗಾಲದ ತಂಡದಲ್ಲಿದ್ದ ಕಂಪನಿಗಳ ಪೈಕಿ ಸುಮಾರು ಕಾಲುಭಾಗದಲ್ಲಿ ಶೇಕಡ 95ರಷ್ಟು ಕೋಡ್ ಎಐ ಬರೆದದ್ದೆಂದು, ಸ್ಟಾರ್ಟ್‌ಅಪ್‌ಗಳನ್ನು ತಂಡತಂಡವಾಗಿ ಆರಿಸಿ ಹಣ ಮತ್ತು ತರಬೇತಿ ಕೊಡುವ ವೈ ಕಾಂಬಿನೇಟರ್ ಸಂಸ್ಥೆಯೇ ಹೇಳಿತು. ಎರಡು ದಿನಗಳಲ್ಲಿ ಯಾರು ಬೇಕಾದರೂ ಕಟ್ಟಬಹುದಾದ ವಸ್ತು ಕಟ್ಟಿದವರ ಬಗ್ಗೆ ಏನನ್ನೂ ಹೇಳದು.

ಇದು ಸಣ್ಣ ನಷ್ಟವಲ್ಲ. 2020ರಲ್ಲಿ ಪ್ರಕಟವಾದ ಗೊಂಪರ್ಸ್, ಗೊರ್ನಾಲ್, ಕಪ್ಲಾನ್ ಮತ್ತು ಸ್ಟ್ರೆಬುಲಯೆವ್ ಅವರ ಸಮೀಕ್ಷೆಯಲ್ಲಿ 885 ಹೂಡಿಕೆದಾರರನ್ನು ಪ್ರಶ್ನಿಸಲಾಗಿತ್ತು. ಹೂಡಿಕೆಯ ನಿರ್ಧಾರದಲ್ಲಿ ತಂಡವು ಮುಖ್ಯ ಅಂಶವೆಂದವರು ಶೇಕಡ 95, ಎಲ್ಲಕ್ಕಿಂತ ಮುಖ್ಯವೆಂದವರು ಶೇಕಡ 47. ಯಾವುದನ್ನು ಅತಿ ಮುಖ್ಯವೆನ್ನುತ್ತೇವೆಯೋ ಅದನ್ನು ಗುರುತಿಸುವ ಉಪಾಯವೇ ನಮ್ಮ ಕೈಜಾರಿದೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದೇ ವಾರದಲ್ಲಿ ಇಬ್ಬರು ಸಂಸ್ಥಾಪಕರು ಸರಕು ಸಾಗಣೆಯ ಬಿಲ್ಲುಗಳಲ್ಲಿ ತಪ್ಪು ಹುಡುಕುವ ಸಾಧನಗಳೊಂದಿಗೆ ನಮ್ಮ ಬಳಿ ಬಂದರು. ಮೊದಲನೆಯವರ ಡೆಮೊ ಕಣ್ಣು ಕೋರೈಸುವಂತಿತ್ತು ಮತ್ತು ಪ್ರತಿ ಪ್ರಶ್ನೆಗೂ ಅವರಲ್ಲಿ ಸಿದ್ಧ ಉತ್ತರವಿತ್ತು. ಎರಡನೆಯವರ ಪರದೆ ಒರಟಾಗಿತ್ತು. ಅನುಮಾನದ ಬಿಲ್ಲನ್ನು ತಾನೇ ತಿರಸ್ಕರಿಸುವ ಸೌಲಭ್ಯವನ್ನು ಕಟ್ಟಿ ಮುಗಿಸಿದ ಮೇಲೆ ತೆಗೆದುಹಾಕಿದ್ದಾಗಿ ಅವರು ಹೇಳಿದರು. ಏಕೆಂದು ಕೇಳಿದಾಗ, ತಿರಸ್ಕಾರಕ್ಕೆ ಉತ್ತರ ಕೊಡಬೇಕಾದವರು ಲೆಕ್ಕಪತ್ರ ವಿಭಾಗದ ಗುಮಾಸ್ತರೆಂದೂ, ತಮ್ಮ ಹೆಸರಿನಲ್ಲಿ ಯಂತ್ರ ನಿರ್ಧರಿಸುವುದನ್ನು ಅವರು ಸಹಿಸುವುದಿಲ್ಲವೆಂದೂ, ಮೂರು ವಾರ ಅವರ ಪಕ್ಕದಲ್ಲೇ ಕುಳಿತ ಮೇಲೆ ಇದು ತಮಗೆ ಅರ್ಥವಾಯಿತೆಂದೂ ಹೇಳಿದರು. ನಾನು ಮೊದಲನೆಯವರ ಪರವಾಗಿ ಟಿಪ್ಪಣಿ ಬರೆದೆ. ಎಂಟು ತಿಂಗಳ ನಂತರ ಅವರ ಬಳಿ ಪ್ರಯೋಗಕ್ಕೆಂದು ಸೇರಿದ್ದ ಗ್ರಾಹಕರಲ್ಲಿ ಒಬ್ಬರೂ ಉಳಿದಿರಲಿಲ್ಲ, ಮತ್ತು ಬಹುತೇಕರು ಬಿಟ್ಟುಹೋದದ್ದು ಎರಡನೆಯವರು ತೆಗೆದುಹಾಕಿದ್ದ ಅದೇ ಸೌಲಭ್ಯದ ಕಾರಣಕ್ಕೆ.

ಅಂದಿನಿಂದ ನನಗೆ ಅನ್ನಿಸುತ್ತಿರುವುದಿಷ್ಟು: ಕಟ್ಟುವುದು ಅಗ್ಗವಾದಾಗ ಸಂಸ್ಥಾಪಕರ ಯೋಗ್ಯತೆ ಅವರು ಕೈಬಿಟ್ಟ ವಿಷಯಗಳಲ್ಲಿ, ಅಂದರೆ ಅವರ ನಿರ್ಧಾರಗಳ ಜಾಡಿನಲ್ಲಿ ಕಾಣುತ್ತದೆ. ಈ ಜಾಡನ್ನು ಓದುವುದು ಹೇಗೆ ಎಂಬುದರ ಬಗ್ಗೆ ಅನುಭವವುಳ್ಳವರ ಅಭಿಪ್ರಾಯ ತಿಳಿಯಬಯಸುತ್ತೇನೆ.

ಸಂಸ್ಥಾಪಕಿ (ಈಗ ತಮ್ಮದೇ ಎರಡನೆಯ ಕಂಪನಿ ನಡೆಸುತ್ತಿರುವವರು)

ತಪ್ಪನ್ನು ಮುಚ್ಚಿಡದೆ ಬರೆದಿದ್ದಕ್ಕೆ ಧನ್ಯವಾದ. ಆದರೆ ನೀವು ಬಿಟ್ಟಿರುವ ಒಂದು ಭಾಗವೇ ನನ್ನನ್ನು ಹೆಚ್ಚು ಕಾಡುತ್ತದೆ. ಡೆಮೊ ಬೆಲೆ ಕಳೆದುಕೊಂಡ ಜಾಗಕ್ಕೆ ನಿರ್ಧಾರಗಳ ಜಾಡು ಬರುತ್ತದೆಂದು ನೀವು ಆಶಿಸುತ್ತೀರಿ. ನಾನು ಕಂಡಂತೆ ಆ ಜಾಗಕ್ಕೆ ಬಂದು ಕುಳಿತಿರುವುದು ವಂಶಾವಳಿ. ಯಾವ ವಿಶ್ವವಿದ್ಯಾಲಯ, ಯಾವ ಪ್ರಯೋಗಾಲಯ, ಯಾರ ಪರಿಚಯ ಎಂಬ ಪ್ರಶ್ನೆಗಳು ಮೊದಲ ಐದು ನಿಮಿಷಕ್ಕೇ ಬರುತ್ತಿವೆ.

ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐಯಲ್ಲಿ ಹಿಂದೆ ಮುಖ್ಯ ವಿಜ್ಞಾನಿಯಾಗಿದ್ದ ಇಲ್ಯಾ ಸುತ್ಸ್‌ಕೆವರ್ ಸಹಸಂಸ್ಥಾಪಕರಾಗಿರುವ ಸೇಫ್ ಸೂಪರ್‌ಇಂಟೆಲಿಜೆನ್ಸ್ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ನೂರು ಕೋಟಿ ಡಾಲರ್ ಸಂಗ್ರಹಿಸಿದಾಗ ಅದರಲ್ಲಿದ್ದವರು ಹತ್ತು ಮಂದಿಯಷ್ಟೇ. ಓಪನ್‌ಎಐಯಲ್ಲೇ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದ ಮೀರಾ ಮುರಾಟಿಯವರ ಥಿಂಕಿಂಗ್ ಮೆಷೀನ್ಸ್ ಲ್ಯಾಬ್‌ಗೆ 2025ರಲ್ಲಿ, ಒಂದು ಉತ್ಪನ್ನವೂ ಹೊರಬರುವ ಮೊದಲೇ, ಇನ್ನೂರು ಕೋಟಿ ಡಾಲರ್ ಬಂತು. ಇದನ್ನು ನಾನು ತಪ್ಪೆನ್ನುವುದಿಲ್ಲ. ಅಗ್ರಶ್ರೇಣಿಯ ಎಐ ಮಾದರಿಗಳಿಗೆ ತರಬೇತಿ ಕೊಟ್ಟ ಅನುಭವ ಜಗತ್ತಿನಲ್ಲಿ ಕೆಲವರಿಗೆ ಮಾತ್ರ ಇರುವುದರಿಂದ ಅಲ್ಲಿ ಹಿನ್ನೆಲೆಯೇ ನೇರ ಸಾಕ್ಷಿಯಾಗುತ್ತದೆ. ಆದರೆ ಅದೇ ತರ್ಕವನ್ನು ಬಿಲ್ಲು ಪರಿಶೀಲಿಸುವ, ಆಸ್ಪತ್ರೆಯ ಸರದಿ ನಿರ್ವಹಿಸುವ ಕಂಪನಿಗಳಿಗೂ ಅನ್ವಯಿಸಿದರೆ, ಆ ಕ್ಷೇತ್ರದಲ್ಲೇ ಹದಿನೈದು ವರ್ಷ ಕಳೆದವರು ಹೊರಗೆ ನಿಲ್ಲಬೇಕಾಗುತ್ತದೆ.

ಪರಿಚಯವಿಲ್ಲದವರಿಗೆ ಡೆಮೊ ಒಂದು ಬಾಗಿಲಾಗಿತ್ತು ಎಂಬುದನ್ನು ಮರೆಯಬಾರದು. ನಮ್ಮ ಮಾತನ್ನು ನಂಬದವರೂ ನಾವು ಕಟ್ಟಿದ ವಸ್ತುವನ್ನು ಒಪ್ಪಲೇಬೇಕಾಗಿತ್ತು. ಆ ಬಾಗಿಲು ಮುಚ್ಚಿದರೆ ಉಳಿಯುವುದು ಮಾತು, ಮುಖ ಮತ್ತು ದನಿ. 2014ರ ಒಂದು ಸಂಶೋಧನೆಯಲ್ಲಿ ಒಂದೇ ಪಿಚ್ಚಿನ ಮಾತುಗಳನ್ನು ಗಂಡುದನಿಯಲ್ಲೂ ಹೆಣ್ಣುದನಿಯಲ್ಲೂ ಕೇಳಿಸಿದಾಗ ಹೆಚ್ಚು ಮಂದಿ ಗಂಡುದನಿಯ ಕಂಪನಿಗೇ ಹಣ ಕೊಡುವುದಾಗಿ ಹೇಳಿದರು. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಟೆಕ್‌ಕ್ರಂಚ್ ಡಿಸ್ರಪ್ಟ್ ಎಂಬ ಸ್ಟಾರ್ಟ್‌ಅಪ್ ಸ್ಪರ್ಧೆಯ ಪ್ರಶ್ನೋತ್ತರಗಳನ್ನು ಪರಿಶೀಲಿಸಿತು. ಗಂಡಸರಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಷ್ಟು ಗೆಲ್ಲುತ್ತೀರಿ ಎಂಬ ಬಗೆಯವು, ಹೆಂಗಸರಿಗೆ ಬಂದವುಗಳಲ್ಲಿ ಹೆಚ್ಚಿನವು ನಷ್ಟವನ್ನು ಹೇಗೆ ತಡೆಯುತ್ತೀರಿ ಎಂಬ ಬಗೆಯವು. ನಾನು ಸ್ವತಃ ಕುಳಿತ ಸಭೆಗಳಲ್ಲಿ ಇದನ್ನು ಎಷ್ಟೋ ಬಾರಿ ಅನುಭವಿಸಿದ್ದೇನೆ.

ವಯಸ್ಸಿನ ಮಾತೂ ಇದೆ. ಎಐ ಜೊತೆಗೇ ಬೆಳೆದ ಎಳೆಯರೇ ಬೇಕೆಂದು ಹೂಡಿಕೆದಾರರು ಈಗ ಬಾಯಿಬಿಟ್ಟು ಹೇಳುತ್ತಾರೆ. ಆದರೆ ಅಮೆರಿಕದ ಜನಗಣತಿ ದಾಖಲೆಗಳನ್ನು ಬಳಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಾವಿರಕ್ಕೊಂದರಂತೆ ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸಂಸ್ಥಾಪಕರ ಸರಾಸರಿ ವಯಸ್ಸು, ಕಂಪನಿ ಆರಂಭಿಸಿದಾಗ, 45.

ತಂತ್ರಾಂಶ ಎಂಜಿನಿಯರ್

ಕಟ್ಟುವುದು ಅಗ್ಗವಾಗಿದೆ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ಕೋಡ್ ಬರೆಯುವುದು ಅಗ್ಗವಾಗಿದೆ. ವ್ಯವಸ್ಥೆಯೊಂದನ್ನು ನಂಬಿಕೆಗೆ ಅರ್ಹವಾಗಿ ನಡೆಸುವುದು ಅಗ್ಗವಾಗಿಲ್ಲ. ಡೆಮೊ ನೋಡಿ ಮೆಚ್ಚುವ ಬದಲು ಹೂಡಿಕೆದಾರರು ಮೂರು ವಿಷಯ ಕೇಳಿದರೆ ಸಾಕು. ನಿಮ್ಮ ಸಾಧನ ಎಲ್ಲಿ ತಪ್ಪುತ್ತದೆ ಮತ್ತು ಆ ತಪ್ಪನ್ನು ಯಾವ ಪರೀಕ್ಷೆಯಿಂದ ಅಳೆಯುತ್ತೀರಿ? ನೀವು ಆಧರಿಸಿರುವ ಎಐ ಮಾದರಿಯನ್ನು ಅದರ ಒಡೆಯರು ನಾಳೆ ಬದಲಿಸಿದರೆ ನಿಮ್ಮ ಗ್ರಾಹಕರಿಗೆ ಏನಾಗುತ್ತದೆ? ಒಂದು ಕೆಲಸ ಮುಗಿಸಲು ನಿಮಗೆ ತಗಲುವ ಗಣನೆಯ ವೆಚ್ಚ ಎಷ್ಟು?

ಕೊನೆಯದನ್ನು ಎಷ್ಟೋ ಸಂಸ್ಥಾಪಕರು ಲೆಕ್ಕ ಹಾಕಿಯೇ ಇರುವುದಿಲ್ಲ. ಹಳೆಯ ತಂತ್ರಾಂಶದಲ್ಲಿ ಇನ್ನೊಬ್ಬ ಬಳಕೆದಾರ ಸೇರಿದರೆ ಹೆಚ್ಚುವರಿ ಖರ್ಚು ನಗಣ್ಯವಾಗಿತ್ತು. ಈಗ ಪ್ರತಿ ಪ್ರಶ್ನೆಗೂ ಮಾದರಿಯನ್ನು ಓಡಿಸುವ ಖರ್ಚಿದೆ. ತಿಂಗಳಿಗಿಷ್ಟು ಎಂದು ಏಕರೂಪದ ಶುಲ್ಕ ಪಡೆಯುವ ಕಂಪನಿಗೆ ಅತಿ ಹೆಚ್ಚು ಬಳಸುವ ಗ್ರಾಹಕನೇ ನಷ್ಟ ತರುವವನಾಗಬಹುದು. ಆದಾಯದ ರೇಖೆ ಏರುತ್ತಿದ್ದರೂ ಲಾಭದ ಅಂಚು ಕರಗುತ್ತಿರುತ್ತದೆ. ಇದನ್ನು ತಾನಾಗಿಯೇ ಮೊದಲು ಪ್ರಸ್ತಾಪಿಸುವ ಸಂಸ್ಥಾಪಕರನ್ನು ನಾನು ನಂಬುತ್ತೇನೆ.

ಯಂತ್ರ ಮಾಡುತ್ತಿದೆ ಎಂದು ಹೇಳಿದ ಕೆಲಸವನ್ನು ನಿಜಕ್ಕೂ ಯಂತ್ರವೇ ಮಾಡುತ್ತಿದೆಯೇ ಎಂದೂ ನೋಡಬೇಕು. ನೇಟ್ ಎಂಬ ಶಾಪಿಂಗ್ ಆ್ಯಪಿನ ಸಂಸ್ಥಾಪಕರ ಮೇಲೆ ಅಮೆರಿಕದ ನ್ಯಾಯ ಇಲಾಖೆ 2025ರ ಏಪ್ರಿಲ್‌ನಲ್ಲಿ ಹೊರಿಸಿದ ಆರೋಪವೇ ಅದು: ಎಐ ಎಂದು ಹೇಳಿ ನಾಲ್ಕು ಕೋಟಿ ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿ, ಖರೀದಿಗಳನ್ನು ಫಿಲಿಪ್ಪೀನ್ಸ್‌ನ ಕೆಲಸಗಾರರಿಂದ ಕೈಯಾರೆ ಮಾಡಿಸಿದರು ಎಂಬುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಹಳೆಯ ದಾಖಲೆಗಳ ಓದುಗ

ಕುದುರೆಯನ್ನು (ವ್ಯವಹಾರವನ್ನು) ನೋಡಬೇಕೋ ಸವಾರನನ್ನೋ (ಅದನ್ನು ನಡೆಸುವವರನ್ನೋ) ಎಂಬ ವಾದ ಈ ವೃತ್ತಿಯಷ್ಟೇ ಹಳೆಯದು. 1946ರಲ್ಲಿ ಅಮೆರಿಕನ್ ರಿಸರ್ಚ್ ಆ್ಯಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಹೂಡಿಕೆ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಜಾರ್ಜ್ ಡೋರಿಯೊ ಅವರು ಸಾಧಾರಣ ಆಲೋಚನೆಯುಳ್ಳ ಉತ್ತಮ ಮನುಷ್ಯನೇ ಮೇಲೆಂದು ನಂಬಿದ್ದರು. 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಗೆ ಅವರ ಸಂಸ್ಥೆ ಕೊಟ್ಟ 70,000 ಡಾಲರ್ ಮುಂದೆ ಇಡೀ ಉದ್ಯಮಕ್ಕೆ ಮಾದರಿಯಾಯಿತು. 1972ರಲ್ಲಿ ಸಿಕೋಯಾ ಎಂಬ ಹೂಡಿಕೆ ಸಂಸ್ಥೆಯನ್ನು ಸ್ಥಾಪಿಸಿದ ಡಾನ್ ವ್ಯಾಲೆಂಟೈನ್ ಇದಕ್ಕೆ ಎದುರಾಗಿ, ಮಾರುಕಟ್ಟೆ ದೊಡ್ಡದಿದೆಯೇ ಎಂಬುದನ್ನೇ ಮೊದಲು ನೋಡುತ್ತಿದ್ದರು.

ಕಪ್ಲಾನ್, ಸೆನ್ಸಾಯ್ ಮತ್ತು ಸ್ಟ್ರಾಮ್‌ಬರ್ಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 50 ಕಂಪನಿಗಳನ್ನು ಅವುಗಳ ಆರಂಭಿಕ ಯೋಜನೆಯಿಂದ ಷೇರು ಮಾರುಕಟ್ಟೆಯ ತನಕ ಹಿಂಬಾಲಿಸಿ ನೋಡಿದಾಗ, ವ್ಯವಹಾರದ ಮೂಲ ಸ್ವರೂಪ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು, ಬದಲಾಗಿದ್ದವರು ಅದನ್ನು ನಡೆಸುವ ಜನ. ಅಂದರೆ ಸವಾರರು ಇಳಿದರೂ ಕುದುರೆ ಓಡಿತು. ಆದರೆ ಹೂಡಿಕೆದಾರರು ನಿಜವಾಗಿ ನೋಡುವುದು ಬೇರೆಯದನ್ನೇ. 2017ರಲ್ಲಿ ಬರ್ನ್‌ಸ್ಟೈನ್, ಕೊರ್ಟೆವೆಗ್ ಮತ್ತು ಲಾಸ್ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಟಾರ್ಟ್‌ಅಪ್‌ಗಳನ್ನು ಹೂಡಿಕೆದಾರರೊಂದಿಗೆ ಬೆಸೆಯುವ ಏಂಜಲ್‌ಲಿಸ್ಟ್ ಜಾಲತಾಣದ ಮೂಲಕ ಹೂಡಿಕೆದಾರರಿಗೆ ಹೋದ ಸಂದೇಶಗಳಲ್ಲಿ ತಂಡದ ವಿವರ ಸೇರಿಸಿದಾಗ ಅವರ ಆಸಕ್ತಿ ಸ್ಪಷ್ಟವಾಗಿ ಏರಿತು. ಗ್ರಾಹಕರ ಸಂಖ್ಯೆಯಂಥ ವಿವರಕ್ಕೆ ಸಾಮಾನ್ಯ ಹೂಡಿಕೆದಾರರು ಅಷ್ಟಾಗಿ ಸ್ಪಂದಿಸಲಿಲ್ಲ.

ಈಗಿನ ಪರಿಸ್ಥಿತಿಯಲ್ಲಿ ಕುದುರೆಗಳ ಆಯಸ್ಸೇ ಕಡಿಮೆಯಾಗಿದೆ ಎಂಬುದು ನನ್ನ ತಿಳಿವಳಿಕೆ. ನಿನ್ನೆ ಒಂದು ಕಂಪನಿಯ ಇಡೀ ಉತ್ಪನ್ನವಾಗಿದ್ದದ್ದು ಇಂದು ದೊಡ್ಡ ಮಾದರಿಯೊಂದರ ಸಣ್ಣ ಸೌಲಭ್ಯವಾಗಿಬಿಡುತ್ತದೆ. ಆದ್ದರಿಂದ ಕೆಳಗೆ ಬಿದ್ದ ಕುದುರೆಯಿಂದ ಎದ್ದು ಇನ್ನೊಂದನ್ನು ಹತ್ತಬಲ್ಲವರೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಗ್ಲಿಚ್ ಎಂಬ ಆಟ 2012ರಲ್ಲಿ ಮುಚ್ಚಿದಾಗ ಅದನ್ನು ಕಟ್ಟಿದ ತಂಡ ತನ್ನ ಒಳಬಳಕೆಗೆಂದು ಮಾಡಿಕೊಂಡಿದ್ದ ಸಂವಹನ ಸಾಧನವನ್ನೇ ಸ್ಲ್ಯಾಕ್ ಎಂಬ ಕಚೇರಿ ಸಂದೇಶ ಸೇವೆಯಾಗಿ ಬೆಳೆಸಿತು. ಇಂಥ ಕಡೆ ಸಂಸ್ಥಾಪಕರಲ್ಲಿ ನೋಡಬೇಕಾದದ್ದು ಸೋಲನ್ನು ಬೇಗ ಒಪ್ಪಿಕೊಳ್ಳುವ ಗುಣ. ಹಟವನ್ನು ಮಾತ್ರ ಹೊಗಳುವ ಹಳೆಯ ರೂಢಿ ಇಲ್ಲಿ ದಾರಿತಪ್ಪಿಸುತ್ತದೆ.

ಸ್ವತಂತ್ರ ಹೂಡಿಕೆದಾರ

ಸಮಸ್ಯೆಯ ಅರ್ಧಭಾಗ ಹೂಡಿಕೆದಾರರಾದ ನಮ್ಮಲ್ಲೇ ಇದೆ ಎಂದು ಒಪ್ಪಿಕೊಳ್ಳಬೇಕು. ಕೈತಪ್ಪಿ ಹೋದೀತೆಂಬ ಭಯದಲ್ಲಿ, ತಿಂಗಳು ಹಿಡಿಯುತ್ತಿದ್ದ ಪರಿಶೀಲನೆಯನ್ನು ನಾವು ದಿನಗಳಿಗೆ ಇಳಿಸಿದ್ದೇವೆ. ಇದು ಎಐಗಿಂತ ಮೊದಲೇ ಶುರುವಾದ ರೋಗ. ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕರೆನ್ಸಿ ವಿನಿಮಯ ಕಂಪನಿಯ ಸಂಸ್ಥಾಪಕರು ಸಿಕೋಯಾ ಪಾಲುದಾರರೊಂದಿಗೆ ಮಾತನಾಡುತ್ತಲೇ ವಿಡಿಯೊ ಗೇಮ್ ಆಡುತ್ತಿದ್ದುದನ್ನೂ, ಪಾಲುದಾರರು ಅದೇ ಹೊತ್ತಿಗೆ ಚಾಟ್‌ನಲ್ಲಿ ಮೆಚ್ಚುಗೆ ಬರೆಯುತ್ತಿದ್ದುದನ್ನೂ 2022ರಲ್ಲಿ ಸಿಕೋಯಾದ ಜಾಲತಾಣದ ಲೇಖನವೇ ಹೊಗಳಿಕೆಯ ದನಿಯಲ್ಲಿ ವಿವರಿಸಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಕುಸಿದಾಗ ಸುಮಾರು 21 ಕೋಟಿ ಡಾಲರಿನ ಹೂಡಿಕೆಯನ್ನು ಸಿಕೋಯಾ ಸೊನ್ನೆಗೆ ಇಳಿಸಬೇಕಾಯಿತು. ಅಂದು ಅವರನ್ನು ಮರುಳುಮಾಡಿದ್ದು ಡೆಮೊ ಅಲ್ಲವೇ ಅಲ್ಲ. ಅಸಾಧಾರಣ ವ್ಯಕ್ತಿಯೊಬ್ಬರನ್ನು ಕಂಡೆವೆಂಬ ಭಾವನೆ.

ಇನ್ನೊಂದು ಸಂಗತಿ. ಅರ್ಜಿಗಳನ್ನು ಎಐ ಬರೆಯುತ್ತಿದೆ, ಬಂದ ಅರ್ಜಿಗಳನ್ನು ಸೋಸಲು ನಾವೂ ಎಐ ಬಳಸುತ್ತಿದ್ದೇವೆ. ಸುತ್ತು ಪೂರ್ತಿಯಾದಾಗ ನಡುವೆ ಸೋರಿಹೋಗುವುದು ಎರಡನೆಯ ಸಂಸ್ಥಾಪಕರಂಥವರ ಒರಟು ವಾಕ್ಯಗಳು. ಹಾಗಾಗಿ ನಾನು ಮೊದಲ ಭೇಟಿಯಲ್ಲಿ ಪರದೆಯನ್ನೇ ತೆರೆಯಿಸುವುದಿಲ್ಲ. ನಿಮ್ಮ ಗ್ರಾಹಕರ ಒಂದು ದಿನವನ್ನು ಬೆಳಗಿನಿಂದ ಸಂಜೆಯವರೆಗೆ ವಿವರಿಸಿ ಎಂದು ಕೇಳುತ್ತೇನೆ. ಅಲ್ಲಿದ್ದು ಬಂದವರು ಮೊದಲ ಹತ್ತು ನಿಮಿಷದಲ್ಲೇ ನಾನು ಊಹಿಸಿರದ ಯಾವುದಾದರೂ ವಿವರ ಕೊಡುತ್ತಾರೆ. ಇರದವರು ಮಾರುಕಟ್ಟೆಯ ಗಾತ್ರಕ್ಕೆ ಜಾರುತ್ತಾರೆ. ಆಮೇಲೆ, ಅವರೊಡನೆ ಹಿಂದೆ ದುಡಿದು ಬಿಟ್ಟುಹೋದವರನ್ನು ಹುಡುಕಿ ಮಾತನಾಡಿಸುತ್ತೇನೆ.

ಸಂಸ್ಥಾಪಕಿ

ಗ್ರಾಹಕರ ದಿನವನ್ನು ಕೇಳುವ ಪದ್ಧತಿ ನನಗೆ ಒಪ್ಪಿಗೆ. ಬಿಟ್ಟುಹೋದವರನ್ನು ಹುಡುಕುವುದೂ ಸರಿಯೇ, ಆದರೆ ಅದು ನಿಮ್ಮ ಪರಿಚಯದ ವಲಯದಲ್ಲಿರುವವರಿಗೆ ಅನುಕೂಲವಾಗುತ್ತದೆ ಎಂಬುದನ್ನು ಗಮನಿಸಿ. ನನ್ನಂಥವರ ಬಗ್ಗೆ ವಿಚಾರಿಸಲು ನಿಮಗೆ ಯಾರೂ ಸಿಗದಿದ್ದರೆ, ಆ ಖಾಲಿ ಜಾಗವನ್ನೇ ನೀವು ಅನುಮಾನವೆಂದು ಓದುತ್ತೀರಿ.

ಉದ್ಯೋಗ ನೇಮಕಾತಿಯ ಸಂಶೋಧಕರು ದಶಕಗಳಿಂದ ಹೇಳುತ್ತಿರುವ ಸರಳ ವಿಷಯವನ್ನು ಹೂಡಿಕೆಯವರು ಏಕೆ ಅಳವಡಿಸಿಕೊಂಡಿಲ್ಲವೆಂದು ನನಗೆ ತಿಳಿಯದು: ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರಗಳಿಗೆ ಮೊದಲೇ ನಿಗದಿಪಡಿಸಿದ ಮಾನದಂಡದಂತೆ ಅಂಕ ಕೊಡುವ ಸಂದರ್ಶನವು ಹರಟೆಯ ಧಾಟಿಯ ಸಂದರ್ಶನಕ್ಕಿಂತ ಉತ್ತಮವಾಗಿ, ಅಭ್ಯರ್ಥಿ ಮುಂದೆ ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಸೂಚಿಸುತ್ತದೆ. ಪಾಲುದಾರರು ತಮ್ಮತಮ್ಮಲ್ಲಿ ಮಾತನಾಡುವ ಮೊದಲು ಪ್ರತಿಯೊಬ್ಬರೂ ಅಂಕ ಬರೆದಿಟ್ಟರೆ, ಹಿರಿಯರ ಮೊದಲ ಮಾತಿಗೆ ಉಳಿದವರು ವಾಲುವುದೂ ತಪ್ಪುತ್ತದೆ.

ಹಿಂದೆ ಉದ್ಯೋಗಿಯಾಗಿದ್ದವರು

ಯಾರೂ ಎತ್ತದ ಒಂದು ಪ್ರಶ್ನೆ ನನ್ನಲ್ಲಿದೆ: ಸಂಸ್ಥಾಪಕರು ತಂಡದೊಂದಿಗೆ ಉಳಿಯುತ್ತಾರೆಯೇ ಎಂಬುದನ್ನು ಹೂಡಿಕೆದಾರರು ತೂಗಿನೋಡುತ್ತಾರೆಯೇ? 2024ರ ಮಾರ್ಚ್‌ನಲ್ಲಿ ಇನ್‌ಫ್ಲೆಕ್ಷನ್ ಎಂಬ ಎಐ ಕಂಪನಿಯ ಸಹಸಂಸ್ಥಾಪಕ ಮುಸ್ತಫಾ ಸುಲೇಮಾನ್ ಮತ್ತು ಅಲ್ಲಿನ ಬಹುಪಾಲು ಸಿಬ್ಬಂದಿ ಮೈಕ್ರೋಸಾಫ್ಟ್ ಸೇರಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಯಾರೆಕ್ಟರ್ ಎಐ ಎಂಬ ಚಾಟ್‌ಬಾಟ್ ಕಂಪನಿಯ ಸಂಸ್ಥಾಪಕರು ಗೂಗಲ್‌ಗೆ ಹೋದರು. 2025ರ ಜುಲೈನಲ್ಲಿ ಎಐ ಕೋಡಿಂಗ್ ಸಾಧನ ಮಾಡುವ ವಿಂಡ್‌ಸರ್ಫ್ ಕಂಪನಿಯ ಮುಖ್ಯಸ್ಥರು ಕೆಲವರನ್ನು ಜೊತೆಗೆ ಕರೆದುಕೊಂಡು ಗೂಗಲ್ ಸೇರಿದಾಗ, ಉಳಿದ ಕಂಪನಿಯನ್ನು ಕೆಲವೇ ದಿನಗಳಲ್ಲಿ ಕಾಗ್ನಿಷನ್ ಎಂಬ ಇನ್ನೊಂದು ಎಐ ಕಂಪನಿ ಕೊಂಡುಕೊಂಡಿತು. ಕಂಪನಿಯನ್ನು ಕೊಳ್ಳದೆ ತಂತ್ರಜ್ಞಾನದ ಪರವಾನಗಿ ಮತ್ತು ಜನರನ್ನು ಮಾತ್ರ ಪಡೆಯುವ ಈ ಬಗೆಯ ಒಪ್ಪಂದದಲ್ಲಿ ಹೂಡಿಕೆದಾರರಿಗೆ ಹಣ ಹಿಂದಿರುಗಬಹುದು, ಆದರೆ ಷೇರಿನ ಆಸೆಯಿಂದ ಕಡಿಮೆ ಸಂಬಳಕ್ಕೆ ದುಡಿದವರ ಗತಿ ಒಪ್ಪಂದ ಬರೆದವರ ಕೈಯಲ್ಲಿರುತ್ತದೆ. ನಾನಿದ್ದ ಸಣ್ಣ ಕಂಪನಿಯೊಂದರಲ್ಲೂ ಹೀಗೆಯೇ ಆಯಿತು, ನಮಗೆ ಸುದ್ದಿ ತಿಳಿದದ್ದು ಹೊರಗಿನವರಿಂದ. ಹೂಡಿಕೆದಾರರು ಮೊದಲ ದಿನವೇ ಈ ಪ್ರಶ್ನೆಯನ್ನು ಸಂಸ್ಥಾಪಕರ ಮುಂದಿಟ್ಟು, ಉದ್ಯೋಗಿಗಳ ಪಾಲನ್ನು ಕರಾರಿನಲ್ಲೇ ಬರೆಸಬೇಕು. ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ಮನುಷ್ಯ ಕಾಣುತ್ತಾನೆ.

ಚರ್ಚೆ ಆರಂಭಿಸಿದವರು

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಪಾಲುದಾರರು ಮಾತಿಗೆ ಮೊದಲು ಅಂಕ ಬರೆದಿಡುವ ಸಲಹೆಯನ್ನು ನಾಳೆಯೇ ನಮ್ಮಲ್ಲಿ ಪ್ರಸ್ತಾಪಿಸುತ್ತೇನೆ. ಉದ್ಯೋಗಿಗಳ ಪಾಲಿನ ಪ್ರಶ್ನೆಯನ್ನು ಇದುವರೆಗೆ ನಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ನಿಜ, ಇನ್ನು ಕೇಳುತ್ತೇನೆ.

ವಂಶಾವಳಿಯ ಬಗ್ಗೆ ಬಂದ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನನ್ನ ಹಳೆಯ ಟಿಪ್ಪಣಿಯನ್ನು ತೆಗೆದು ಮತ್ತೆ ಓದಿದೆ. ಮೊದಲನೆಯವರ ಪರವಾಗಿ ನಾನು ಬರೆದ ಮೂರು ಕಾರಣಗಳಲ್ಲಿ ಎರಡು ಅವರು ಹಿಂದೆ ಕೆಲಸ ಮಾಡಿದ ಕಂಪನಿಯ ಹೆಸರಿಗೆ ಸಂಬಂಧಿಸಿದ್ದವು. ಡೆಮೊ ನನ್ನನ್ನು ಮರುಳುಮಾಡಿತೆಂದು ಇಷ್ಟು ದಿನ ಅಂದುಕೊಂಡಿದ್ದೆ. ಆ ಹೆಸರು ಡೆಮೊವನ್ನು ಪ್ರಶ್ನಿಸದಂತೆ ನನ್ನನ್ನು ತಡೆದಿತ್ತು.

ನಿರ್ಧಾರಗಳ ಜಾಡಿಗೂ ಒಂದು ಮಿತಿ ಇದೆ ಎಂದು ಈಗ ಒಪ್ಪುತ್ತೇನೆ. ಕೈಬಿಟ್ಟ ಸೌಲಭ್ಯಗಳ ಪಟ್ಟಿ ಕೊಡಿ, ವಾರವಾರದ ಟಿಪ್ಪಣಿ ಕೊಡಿ ಎಂದು ಕೇಳುವುದು ರೂಢಿಯಾದರೆ, ಅಂಥ ಟಿಪ್ಪಣಿಗಳನ್ನೂ ಎಐ ಒಂದು ಸಂಜೆಯಲ್ಲಿ ಸೃಷ್ಟಿಸಿ ಕೊಡುತ್ತದೆ. ಆದ್ದರಿಂದ ಕಾಗದದ ಮೇಲಿನ ಜಾಡಿಗಿಂತ ಮನುಷ್ಯರಲ್ಲಿ ಉಳಿದ ಜಾಡನ್ನು ನೋಡಬೇಕೆಂದು ತೀರ್ಮಾನಿಸಿದ್ದೇನೆ. ಮೂರು ವಾರ ಪಕ್ಕದಲ್ಲಿ ಕುಳಿತವರನ್ನು ಗುಮಾಸ್ತರು ನೆನಪಿಟ್ಟಿರುತ್ತಾರೆ, ಯಾವ ಸೌಲಭ್ಯಕ್ಕೆ ತಾವು ಬೇಡವೆಂದೆವು ಎಂಬುದೂ ಅವರಿಗೆ ನೆನಪಿರುತ್ತದೆ. ಇನ್ನು ಮುಂದೆ ಟಿಪ್ಪಣಿ ಬರೆಯುವ ಮೊದಲು ಸಂಸ್ಥಾಪಕರ ಅನುಪಸ್ಥಿತಿಯಲ್ಲಿ ಇಬ್ಬರು ಬಳಕೆದಾರರೊಂದಿಗೆ ಮಾತನಾಡುತ್ತೇನೆ.

ಸಂಸ್ಥಾಪಕಿ

ಕೊನೆಯದಕ್ಕೆ ಒಂದು ವಿನಂತಿ ಸೇರಿಸುತ್ತೇನೆ. ಆರಂಭದ ದಿನಗಳಲ್ಲಿ ಆ ಬಳಕೆದಾರರ ಸದ್ಭಾವನೆಯೇ ನಮ್ಮ ಬಳಿ ಇರುವ ಏಕೈಕ ಬಂಡವಾಳ. ಹತ್ತು ಹೂಡಿಕೆದಾರರು ಹತ್ತು ಬಾರಿ ಅವರಿಗೆ ಕರೆಮಾಡಿದರೆ ಅವರು ಬೇಸತ್ತು ನಮ್ಮಿಂದ ದೂರವಾಗುತ್ತಾರೆ. ಹಣ ಕೊಡುವ ಮನಸ್ಸು ಬಹುಮಟ್ಟಿಗೆ ಗಟ್ಟಿಯಾದ ಮೇಲೆ ಮಾತ್ರ ಅವರ ಸಮಯ ಕೇಳಿ, ಒಂದೇ ಕರೆಯಲ್ಲಿ ಮುಗಿಸಿ, ಮತ್ತು ಕೊಡುವುದಿಲ್ಲವೆಂದು ನಿರ್ಧರಿಸಿದರೆ ಅವರಿಂದ ತಿಳಿದದ್ದನ್ನು ನಮಗೂ ತಿಳಿಸಿ.